ಆರೂವರೆ ಬಸ್ಸಿಗೆ ಹತ್ತು ಲಕ್ಷ ವ್ಯೂಸ್

“ಮೇಡಂ, ನಿಮ್ಮ ಇಪ್ಪತ್ತೆರಡು ಕಂಪ್ಯೂಟರ್ ನಂಗೆ ನಾಲ್ಕು ನಿಮಿಷ ಬೇಕು.”

ಬಾಗಿಲಲ್ಲಿ ನಿಂತವನನ್ನು ಗಗನಾ ತಲೆಯೆತ್ತಿ ನೋಡಿದಳು. ಕೊರಳಲ್ಲಿ ದೊಡ್ಡ ಹೆಡ್‌ಫೋನು, ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ತಡವಾಗಿ ಕ್ಲಾಸಿಗೆ ಬಂದವನ ಸಂಕೋಚ. ಆದರೆ ಕಣ್ಣು ಮಾತ್ರ ನೇರವಾಗಿ ಅವಳನ್ನೇ ನೋಡುತ್ತಿತ್ತು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಗಗನಾ ಹೇಳಿದ್ದೇ ಕಾನೂನು. ಕ್ಲಾಸಿನ ನಡುವೆ ಯಾರದಾದರೂ ಫೋನು ಗುಂಯ್‌ಗುಟ್ಟಿದರೆ ಅವರನ್ನು ಮೆಟ್ಟಿಲವರೆಗೆ ನಡೆಸಿ ಬರುತ್ತಿದ್ದಳು. ಅಂಥವಳ ಮುಂದೆ ಬಂದು ನಿಂತು, ಭದ್ರಾವತಿಯಿಂದ ಬಂದಿದ್ದೇನೆ, ಹೆಸರು ಲೋಹಿತ್, ನಾನು ಮಾಡಿದ ಹಾಡೊಂದು ಯೂಟ್ಯೂಬಿಗೆ ಬಿದ್ದಿದೆ, ನಿಮ್ಮ ವಿದ್ಯಾರ್ಥಿಗಳು ನೋಡಬೇಕು ಎಂದು ಕೇಳಿದರೆ?

“ಬಾಗಿಲು ಆ ಕಡೆ ಇದೆ” ಎಂದಳು ಗಗನಾ.

ಅವನು ಹೋಗಲಿಲ್ಲ. ಎಲ್ಲರೂ ಒಂದೇ ಒಂದು ಸಲ ನೋಡಿದರೆ ಸಾಕು, ಪೂರ್ತಿ ನೋಡಬೇಕು, ಸೌಂಡ್ ಇಟ್ಟು ನೋಡಬೇಕು ಎಂದು ಪಾಠ ಒಪ್ಪಿಸಿದ. ಹಾಗಾದರೆ ನಾನೇ ನೂರು ಸಲ ಹಾಕಿಬಿಡುತ್ತೇನೆ, ಹೊರಡಿ ಎಂದು ಅವಳು ರೇಗಿದಾಗ ಗಾಬರಿಯಾದ.

“ಅಯ್ಯೋ ಬೇಡ ಮೇಡಂ. ಒಂದೇ ಕಡೆಯಿಂದ ಸುತ್ತಿ ಸುತ್ತಿ ಹಾಕಿದ್ರೆ ಕಳ್ಳ ವ್ಯೂಸ್ ಅಂತ ಲೆಕ್ಕ ಆಗುತ್ತೆ. ಇದ್ದಿದ್ದನ್ನೂ ತೆಗೆದುಹಾಕ್ತಾರೆ. ನಂಗೆ ಕಳ್ಳ ವ್ಯೂಸ್ ಬೇಡ.”

ಆ ಕೊನೆಯ ಮಾತಿಗೆ ಗಗನಾಳಿಗೆ ಯಾಕೋ ನಗು ಬಂತು. ನಾಲ್ಕು ನಿಮಿಷ ಕೊಟ್ಟಳು. ಇಪ್ಪತ್ತೆರಡು ಪರದೆಗಳಲ್ಲಿ ಸಿರಿ ಎಂಬ ಹೊಸ ಹುಡುಗಿ ಹಾಡುತ್ತಿದ್ದರೆ ಅವನು ಪರದೆಯನ್ನು ನೋಡದೆ ಕೇಳುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದ. ಕೊನೆಗೆ ಆ ನೋಟ ಅವಳ ಮುಖಕ್ಕೆ ಬಂತು... ಮುಂದಕ್ಕೆ ಹೋಗಲೇ ಇಲ್ಲ!

ಆ ಹಾಡು ನಲವತ್ತು ಸಾವಿರ ವ್ಯೂಸ್‌ಗೆ ಸುಸ್ತಾಗಿ ಕೂತಿತು. ಆದರೆ ಲೋಹಿತ್ ಮತ್ತೆ ಮತ್ತೆ ದುರ್ಗಿಗುಡಿಯ ಮೆಟ್ಟಿಲು ಹತ್ತಿದ. ಪೆನ್‌ಡ್ರೈವ್ ಮರೆತೆ ಎಂದ, ಪ್ರಿಂಟ್ ಬೇಕು ಎಂದ, ಕೊನೆಗೊಂದು ದಿನ ಯಾವ ನೆಪವೂ ಸಿಗದೆ ಸುಮ್ಮನೆ ಬಂದೆ ಎಂದ. ಅವತ್ತೇ ಗಗನಾ ಸೋತಳು.

ಭದ್ರಾವತಿಯ ಹಳೇನಗರದಲ್ಲಿ ಅವನದೊಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ. ಶಾಲೆಗಳ ಸ್ವಾಗತಗೀತೆ, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಪ್ರಚಾರ, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಎಲ್ಲವೂ ಅಲ್ಲೇ ಹುಟ್ಟುತ್ತಿದ್ದವು. ಈ ಗದ್ದಲದ ನಡುವೆ ಕದ್ದ ಸಮಯದಲ್ಲಿ ಅವನು ತನ್ನ ಹಾಡುಗಳನ್ನು ಮಾಡುತ್ತಿದ್ದ.

ಎರಡು ತಿಂಗಳ ಹಿಂದೆ ಅವನು ವಿನೋಬನಗರದ ಮನೆಗೆ ಬಂದು ಅವಳ ಅಪ್ಪ ಕರಿಯಣ್ಣನವರನ್ನು ಕಂಡು ಹೋಗಿದ್ದ. ಹೊಳಲೂರಿನಲ್ಲಿ ಗದ್ದೆ ಮಾಡುವ ಅಪ್ಪ ಜಾಸ್ತಿ ಮಾತಿನವರಲ್ಲ. ಹಾಡಿನ ಬಗ್ಗೆ ಒಂದೆರಡು ಮಾತು ಕೇಳಿ, ನೋಡೋಣ ಕಣಪ್ಪ ಎಂದು ಕಳಿಸಿದ್ದರು.

ಅಷ್ಟೇ. ಲೋಹಿತ್ ಮತ್ತೆ ಮನೆಯ ಕಡೆ ಸುಳಿಯಲಿಲ್ಲ. ಯಾವಾಗ ಬರುತ್ತೀಯ ಎಂದು ಕೇಳಿದರೆ ಒಂದೇ ಉತ್ತರ. ಈ ಹಾಡೊಂದು ಆಗಲಿ.

ಯಾವ ಹಾಡು? ಸಿರಿಯ ಹಾಡು!

ಈ ನಡುವೆ ಸಿರಿ ಎಲ್ಲಿಂದೆಲ್ಲಿಗೋ ಹೋಗಿದ್ದಳು. ಬೇರೆ ಯಾರೋ ಮಾಡಿದ ಹಾಡೊಂದು ಎರಡು ಕೋಟಿ ದಾಟಿ, ಭದ್ರಾವತಿಯ ಹುಡುಗಿ ಈಗ ಬೆಂಗಳೂರಿನ ಸ್ಟಾರ್. ಅಂಥವಳು ತಿರುಗಿ ಬಂದು ಲೋಹಿತ್ ಮಾಡಿದ ‘ಆರೂವರೆ ಬಸ್ಸು’ ಹಾಡಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ದಿನಾ ಒಬ್ಬ ಹುಡುಗ ಕಾಯುತ್ತಾನೆ, ಹುಡುಗಿ ಕಿಟಕಿಯಲ್ಲಿ ಕೂತು ಹೊರಟುಹೋಗುತ್ತಾಳೆ, ಇಷ್ಟೇ ಅದರ ಕಥೆ.

ಕಾಲೇಜಿನ ದಿನಗಳಲ್ಲಿ ಲೋಹಿತ್ ಮತ್ತು ಸಿರಿ ಇಬ್ಬರೂ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗ್ಗೆ ಆರೂವರೆಯ ಬಸ್ಸಿನಲ್ಲೇ ಬರುತ್ತಿದ್ದರು ಎಂಬುದು ಗಗನಾಳಿಗೆ ಗೊತ್ತಿತ್ತು. ಅವನೇ ಯಾವತ್ತೋ ಮಾತಿನ ಮಧ್ಯೆ ಹೇಳಿದ್ದ. ಹೇಳಬಾರದಿತ್ತು!

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹಾಡು ಬಿಡುಗಡೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಲೋಹಿತ್‌ನಿಂದ ಏಳು ಮೆಸೇಜು. ಮೂವತ್ತು ಸಾವಿರ. ನಲವತ್ತೆರಡು ಸಾವಿರ. ಅರವತ್ತು. ಊಟ ಆಯ್ತಾ ಎಂಬ ಮಾತಿಲ್ಲ, ಹೇಗಿದ್ದೀಯ ಎಂಬ ಮಾತಿಲ್ಲ. ಬರೀ ಸಂಖ್ಯೆ. ಭಾನುವಾರ ರಾತ್ರಿಗೆ ಒಂದೂವರೆ ಲಕ್ಷ, ಸೋಮವಾರಕ್ಕೆ ಮೂರು.

‘ಇವಳನ್ನ ಎಷ್ಟು ಜನ ನೋಡಿದ್ರು ಅಂತ ನಂಗ್ಯಾಕೆ ಹೇಳ್ತಾನೆ?’ ಎಂದುಕೊಂಡಳು ಗಗನಾ. ಚೆನ್ನಾಗಿದೆ ಎಂದು ಉತ್ತರ ಕಳಿಸಿದಳು. ಹೆಬ್ಬೆರಳಿನ ಚಿತ್ರವೊಂದನ್ನೂ ಕಳಿಸಿದಳು. ಹೊಟ್ಟೆಯೊಳಗೆ ಮಾತ್ರ ಒಲೆ ಹತ್ತಿಕೊಂಡಿತ್ತು.

ತಮಾಷೆಯೆಂದರೆ, ಆ ವಿಡಿಯೋವನ್ನು ಊರಲ್ಲಿ ಎಲ್ಲರಿಗಿಂತ ಹೆಚ್ಚು ಸಲ ನೋಡಿದವಳು ಇವಳೇ. ಕ್ಲಾಸಿನಲ್ಲಿ ಮಕ್ಕಳು ಟೈಪ್ ಮಾಡುತ್ತಿದ್ದರೆ ಮೇಜಿನ ಕೆಳಗೆ ಫೋನು ಹಿಡಿದು, ಸೌಂಡ್ ಪೂರ್ತಿ ಆರಿಸಿ ನೋಡುತ್ತಿದ್ದಳು. ಎರಡು ನಿಮಿಷ ದಾಟಿದ ಮೇಲೆ ಒಂದು ಜಾಗ ಬರುತ್ತದೆ. ಬಸ್ಸಿನ ಕಿಟಕಿಯಲ್ಲಿ ಕೂತ ಸಿರಿ ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡಿ ನಗುತ್ತಾಳೆ. ಯಾರನ್ನು ನೋಡಿ? ಶೂಟಿಂಗಿನ ದಿನ ಕ್ಯಾಮೆರಾದ ಪಕ್ಕದಲ್ಲಿ ಯಾರಿದ್ದರು? ಲೋಹಿತ್ ಹೋಗಿದ್ದನಲ್ಲ!

ನಿಲ್ಲಿಸಿ ನೋಡಿದಳು. ಹಿಂದಕ್ಕೆ ಎಳೆದು ನೋಡಿದಳು. ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. ನೋಡಿದಷ್ಟೂ ಆ ನಗು ಇನ್ನಷ್ಟು ಸಿಹಿಯಾಗುತ್ತ ಹೋಯಿತು.

ಬುಧವಾರ ಲೋಹಿತ್ ತಾನಾಗಿಯೇ ತ್ಯಾವರೆಕೊಪ್ಪದ ಸಫಾರಿಗೆ ಹೋಗೋಣ ಎಂದಾಗ ಅವಳಿಗೆ ಜೀವ ಬಂದಂತಾಯಿತು. ಅರ್ಧ ದಿನ ರಜೆ ಹಾಕಿ, ಹೊಸ ಚೂಡಿದಾರ್ ಹಾಕಿ ಹೊರಟಳು. ಸಫಾರಿ ಬಸ್ಸಿನಲ್ಲಿ ಅವನ ಪಕ್ಕ ಕೂತು, ಇವತ್ತು ಮದುವೆಯ ಮಾತು ಎತ್ತುತ್ತಾನೆ ಎಂದು ಕಾದಳು.

ಬೇಲಿಯಾಚೆಯ ಪೊದೆಯಿಂದ ಹುಲಿ ಎದ್ದು ಬಂತು. ನಿಜವಾದ ಹುಲಿ, ಬಸ್ಸಿಗೆ ನಾಲ್ಕೇ ಮಾರು ದೂರ. ಮಕ್ಕಳು ಕಿರುಚಿದರು, ದೊಡ್ಡವರು ಸೀಟು ಹತ್ತಿದರು. ಗಗನಾ ಅವನ ತೋಳು ಹಿಡಿದುಕೊಂಡು ತಿರುಗಿ ನೋಡುತ್ತಾಳೆ... ಅವನು ಫೋನು ನೋಡುತ್ತಿದ್ದಾನೆ!

“ಆರು ಲಕ್ಷ ಆಯ್ತು ಕಣೇ” ಎಂದ, ಮುಖವೆಲ್ಲ ಬೆಳಕಾಗಿ.

ಹುಲಿ ಅವನನ್ನು ನೋಡಿ ಬೇಸರದಿಂದ ಹೊರಟುಹೋಯಿತು. ಗಗನಾಳಿಗೂ ಹಾಗೇ ಹೋಗಬೇಕೆನಿಸಿತು. ತೋಳು ಬಿಟ್ಟು ಕಿಟಕಿಯ ಕಡೆ ತಿರುಗಿದಳು. ವಾಪಸು ಬರುವಾಗ ಏನಾಯಿತು ಎಂದು ಅವನು ಮೂರು ಸಲ ಕೇಳಿದ. ಮೂರು ಸಲವೂ ನಂಗೇನಾಗಿದೆ ಎಂದಳು. ಕೇಳಿದ್ದಕ್ಕೆಲ್ಲ ನಂಗೇನಾಗಿದೆ ಎನ್ನುವ ಹೆಣ್ಣಿನ ಹತ್ತಿರ ನಾಲ್ಕನೇ ಸಲವೂ ಕೇಳಬೇಕು ಎಂಬುದು ಪಾಪ ಅವನಿಗೆ ತಿಳಿಯದು.

ಶುಕ್ರವಾರ ಮಧ್ಯಾಹ್ನ, ಜೊತೆಯಲ್ಲಿ ಕೆಲಸ ಮಾಡುವ ಅನುಷಾ ಊಟದ ಡಬ್ಬಿ ಮುಚ್ಚುತ್ತ ಫೋನನ್ನು ಮುಂದೆ ಹಿಡಿದಳು. ಇದು ನಿಮ್ಮ ಲೋಹಿತ್ ಅಲ್ವೇನೇ ಎಂದು ಕೇಳಿದಳು.

ಸಿರಿ ಹಾಕಿದ ಹಳೆಯ ಫೋಟೋ. ಕಾಲೇಜಿನ ಬ್ಯಾಗು ಹಾಕಿಕೊಂಡ ಇಬ್ಬರು. ತೆಳ್ಳಗಿನ ಲೋಹಿತ್, ಎರಡು ಜಡೆಯ ಸಿರಿ, ಹಿಂದೆ ಬಸ್ಸು. ಕೆಳಗೆ ‘ನನ್ನ ಆರೂವರೆ ಬಸ್ಸು’ ಎಂಬ ಬರಹ. ಪಕ್ಕದಲ್ಲಿ ಒಂದು ಕೆಂಪು ಹೃದಯ.

ನನ್ನ! ನನ್ನ ಅಂತೆ!

ಅನುಷಾ ಮಗಳ ಶಾಲೆಗೆ ಹೋಗಬೇಕೆಂದು ಹೊರಟಳು. ಐದು ಗಂಟೆಯವರೆಗೆ ಬ್ಯಾಚ್ ಇರಲಿಲ್ಲ. ಖಾಲಿ ಹಾಲಿನಲ್ಲಿ ಇಪ್ಪತ್ತೆರಡು ಕಪ್ಪು ಪರದೆಗಳ ನಡುವೆ ಗಗನಾ ಒಬ್ಬಳೇ ನಿಂತಿದ್ದಳು. ಆಗ ಅವಳ ತಲೆಗೆ ಅದು ಬಂತು. ಅವನೇ ಹೇಳಿಕೊಟ್ಟ ಪಾಠ.

ಒಂದನೇ ಕಂಪ್ಯೂಟರ್ ಹಾಕಿದಳು. ಹಾಡು ಹುಡುಕಿದಳು, ಸೌಂಡ್ ಆರಿಸಿದಳು, ಮುಗಿದ ಕೂಡಲೇ ಮತ್ತೆ ಮೊದಲಿಂದ ಓಡುವ ಹಾಗೆ ಒತ್ತಿದಳು. ಎರಡನೆಯದು. ಮೂರನೆಯದು. ಹತ್ತನೆಯದರ ಮುಂದೆ ನಿಂತಳು. ‘ಬೇಡ ಕಣೇ’ ಎಂದಿತು ಮನಸ್ಸು. ಆದರೆ ಒಂಬತ್ತು ಪರದೆಗಳಲ್ಲಿ ಒಂಬತ್ತು ಸಿರಿಯರು ಪಕ್ಕಕ್ಕೆ ನೋಡಿ ನಗುತ್ತಿದ್ದರು. ಇಪ್ಪತ್ತೆರಡನ್ನೂ ಹಾಕಿಯೇಬಿಟ್ಟಳು.

ಮೂರು ಗಂಟೆ ಹೊತ್ತು ಸದ್ದಿಲ್ಲದೆ ಓಡಿತು ಆರೂವರೆ ಬಸ್ಸು. ಕಳ್ಳ ವ್ಯೂಸ್ ಎಂದು ತೆಗೆದುಹಾಕಲಿ, ಇವಳ ಸಂಖ್ಯೆ ಒಂದು ಸಲವಾದರೂ ಕೆಳಗಿಳಿಯಲಿ, ಅಷ್ಟೇ ಅವಳಿಗೆ ಬೇಕಿದ್ದದ್ದು.

ಶನಿವಾರ ಬೆಳಗ್ಗೆ ಎದ್ದು ನೋಡಿದಳು. ನಿನ್ನೆ ಸಂಜೆ ಎಂಟು ಲಕ್ಷ ತೊಂಬತ್ತು ಸಾವಿರವಿದ್ದದ್ದು ಈಗ ಎಂಟು ಲಕ್ಷ ಐವತ್ತು ಸಾವಿರ! ನಲವತ್ತು ಸಾವಿರ ಮಾಯ. ಸಿರಿಯ ಅಭಿಮಾನಿಗಳ ಗುಂಪುಗಳಲ್ಲಿ ಗೋಳೋ ಗೋಳು. ಯಾರೋ ಮಷೀನ್ ಇಟ್ಟು ಹಾಡು ಓಡಿಸಿದ್ದಾರೆ, ಅದಕ್ಕೇ ಕತ್ತರಿ ಬಿತ್ತು ಎಂದು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು.

ಗಗನಾ ಕನ್ನಡಿಯ ಮುಂದೆ ನಿಂತು ಹೂ ಮುಡಿದಳು. ಬೆಳಗಿನ ಕ್ಲಾಸು ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದಳು. ಹಾಡಿನ ಹುಚ್ಚು ಇಳಿದಿರುತ್ತದೆ, ಇನ್ನಾದರೂ ಅವನು ನನ್ನ ಮುಖ ನೋಡುತ್ತಾನೆ ಎಂದು ಲೆಕ್ಕ ಹಾಕಿದ್ದಳು.

ಸ್ಟುಡಿಯೋದಲ್ಲಿ ಲೋಹಿತ್ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ನಗಲು ಹೋಗಿ ಆಗದೆ ತಲೆ ತಗ್ಗಿಸಿದ.

ಆಗ ಹೇಳಿದ, ಇಷ್ಟು ದಿನ ಬಚ್ಚಿಟ್ಟಿದ್ದನ್ನು. ಹಾಡು ಬಿಡುಗಡೆ ಮಾಡಿದ ಬೆಂಗಳೂರಿನ ಕಂಪನಿಯವರು ಒಂದು ಷರತ್ತು ಹಾಕಿದ್ದರು. ಒಂದು ವಾರದೊಳಗೆ, ಅಂದರೆ ನಾಳೆ ಭಾನುವಾರ ಹನ್ನೊಂದರೊಳಗೆ ಹತ್ತು ಲಕ್ಷ ದಾಟಿದರೆ ಮುಂದಿನ ಹಾಡುಗಳಿಗೆಲ್ಲ ಲೋಹಿತ್‌ನದೇ ಸಂಗೀತ, ಇದೇ ಸ್ಟುಡಿಯೋದಲ್ಲಿ. ದಾಟದಿದ್ದರೆ ಬೇರೆಯವರು.

“ಅವರು ಕೊಡೋ ಒಪ್ಪಂದದ ಕಾಗದ ಹಿಡ್ಕೊಂಡು ನಾಳೆ ನಿಮ್ಮ ಮನೆಗೆ ಬರೋಣ ಅಂತಿದ್ದೆ. ನಿಮ್ಮ ಅಪ್ಪನ ಮುಂದೆ ಇಟ್ಟು ಕೇಳೋಣ ಅಂತ. ನಿಂಗೆ ಮೊದ್ಲೇ ಹೇಳಿ, ಆಮೇಲೆ ಆಗದಿದ್ರೆ? ಅದಕ್ಕೇ ಹೇಳ್ಲಿಲ್ಲ.”

ಸಿರಿಯ ಬುಡಕ್ಕೆಂದು ಬೀಸಿದ ಕತ್ತಿ ಗಗನಾಳದೇ ಮದುವೆಯ ಚಪ್ಪರದ ಕಂಬಕ್ಕೆ ಬಿದ್ದಿತ್ತು.

ಹೇಳಿಬಿಡು ಎಂದಿತು ಮನಸ್ಸು. ಆದರೆ ತಲೆನೋವು ಎಂದು ಸುಳ್ಳು ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನಲ್ಲಿ ಕೂತು ಫೋನಲ್ಲಿ ಸಂಖ್ಯೆ ನೋಡಿದಳು. ಆಮೇಲೆ, ಜನ್ಮದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳದ ಗಗನಾ, ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಕಡೆ ತಿರುಗಿದಳು.

“ಅಕ್ಕಾ, ನಿಮ್ಮ ಫೋನಲ್ಲಿ ಒಂದು ಹಾಡು ನೋಡ್ತೀರಾ? ಒಂದೇ ಸಲ. ಪೂರ್ತಿ ನೋಡ್ಬೇಕು.”

ಹೆಂಗಸು ಫೋನು ಕೊಟ್ಟಳು. ಗಗನಾ ಹಾಡು ಹಚ್ಚಿದಳು. ಕಿಟಕಿಯಲ್ಲಿ ಸಿರಿ ಬಂದಾಗ ಆಕೆ, ಹುಡುಗಿ ಎಷ್ಟು ಲಕ್ಷಣವಾಗಿದ್ದಾಳೆ ಅಲ್ವಾ ಎಂದಳು. ಗಗನಾ ಉಗುಳು ನುಂಗಿದಳು. ಹೌದು ಎಂದಳು. ಹಾಗೆ ಹೇಳುವುದು ಎಷ್ಟು ಕಷ್ಟವೆಂದು ಅವಳಿಗೊಬ್ಬಳಿಗೇ ಗೊತ್ತು.

ಹಿಂದಿನ ಸೀಟಿನ ಕಾಲೇಜು ಹುಡುಗಿಯರಿಗೆ ಹೇಳಿದಳು. ಕಂಡಕ್ಟರಿಗೆ ಹೇಳಿದಳು. ಕಾರ್ಖಾನೆಯಿಂದ ನಿವೃತ್ತರಾದ ತಮಿಳು ತಾತ ಕಿವಿಯ ಹತ್ತಿರ ಫೋನು ಹಿಡಿದು ಕಣ್ಣು ಮುಚ್ಚಿ ಕೇಳಿದರು. “ಪಾಟ್ಟು ನಲ್ಲಾ ಇರುಕ್ಕು ಅಮ್ಮಾ, ಹಾಡು ಚೆನ್ನಾಗಿದೆ. ಇದನ್ನ ಮಾಡ್ದೋನಿಗೆ ಮನಸ್ಸು ತುಂಬಾ ಮೆತ್ತಗೆ” ಎಂದರು.

ಆಗಷ್ಟೇ ಗಗನಾಳಿಗೆ ಹೊಳೆಯಿತು. ವಾರವಿಡೀ ನೂರಾರು ಸಲ ನೋಡಿದ ಹಾಡನ್ನು ಅವಳು ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ!

ಬಸ್ಸಿನ ತುಂಬ ನಾಲ್ಕೈದು ಫೋನುಗಳಲ್ಲಿ ಹಿಂದೆಮುಂದೆಯಾಗಿ ಅದು ಓಡುತ್ತಿತ್ತು. ಸಿರಿ ಹಾಡಿ ನಿಲ್ಲಿಸಿದ ಕಡೆಯೆಲ್ಲ ಮೆಲ್ಲಗೆ ಒಂದು ಕೊಳಲು ಬಂದು ಹೋಗುತ್ತಿತ್ತು. ಒತ್ತಾಯವಿಲ್ಲ, ಅವಸರವಿಲ್ಲ. ಯಾರದೋ ಬಾಗಿಲಲ್ಲಿ ನಿಂತು, ಕೂಗಲೋ ಬೇಡವೋ ಎನ್ನುತ್ತಿದ್ದ ಹಾಗೆ. ಗಗನಾ ಚೂಡಿದಾರಿನ ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೂವಿನ ಹೆಂಗಸು ಏನೂ ಕೇಳದೆ ಒಂದು ಮೊಳ ಮಲ್ಲಿಗೆ ಕಿತ್ತು ಅವಳ ಮಡಿಲಲ್ಲಿ ಹಾಕಿದಳು.

ಶಿವಮೊಗ್ಗದಲ್ಲಿ ಇಳಿದ ಮೇಲೂ ಬಿಡಲಿಲ್ಲ. ಗೋಪಿ ಸರ್ಕಲ್ಲಿನ ಜ್ಯೂಸ್ ಅಂಗಡಿ, ನೆಹರೂ ರಸ್ತೆಯ ಬಟ್ಟೆ ಅಂಗಡಿ, ಹಳೆಯ ವಿದ್ಯಾರ್ಥಿಗಳು, ಕಂಡವರಿಗೆಲ್ಲ ಹೇಳಿದಳು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿತ್ತು.

ಭಾನುವಾರ ಹನ್ನೊಂದು ಗಂಟೆ. ಒಂಬತ್ತು ಲಕ್ಷ ಎಂಬತ್ತಮೂರು ಸಾವಿರ.

ಆಗಲಿಲ್ಲ. ಹದಿನೇಳು ಸಾವಿರಕ್ಕೆ ಆಗಲಿಲ್ಲ.

ಹನ್ನೆರಡಕ್ಕೆ ಮನೆಯ ಮುಂದೆ ಬೈಕು ನಿಂತಿತು. ಲೋಹಿತ್! ಗಡ್ಡ ತೆಗೆದು, ಇಸ್ತ್ರಿಯ ಅಂಗಿ ಹಾಕಿಕೊಂಡು, ಬರಿಗೈಯಲ್ಲಿ ಬಂದಿದ್ದ. ಆಗ ತಾನೇ ಹೊಳಲೂರಿನ ಗದ್ದೆಯಿಂದ ಬಂದು ಕೈಕಾಲು ತೊಳೆದಿದ್ದ ಕರಿಯಣ್ಣ, ಬಾ ಎಂದು ಕುರ್ಚಿ ತೋರಿಸಿದರು. ಮೂಲೆಯಲ್ಲಿ ಅವರ ತಾಯಿ ಹುಚ್ಚಮ್ಮಜ್ಜಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಗಗನಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಆಗ್ಲಿಲ್ಲ ಅಂಕಲ್” ಎಂದ ಲೋಹಿತ್.

“ಏನಾಗ್ಲಿಲ್ಲ?”

ಅವನು ಎಲ್ಲ ಹೇಳಿದ. ಹಾಡು, ವಾರ, ಹತ್ತು ಲಕ್ಷ, ಕಂಪನಿ. ಕರಿಯಣ್ಣನವರಿಗೆ ತಲೆಬುಡ ಗೊತ್ತಾಗಲಿಲ್ಲ. ಇದನ್ನೆಲ್ಲ ನನ್ನ ಹತ್ತಿರ ಯಾಕೆ ಹೇಳುತ್ತೀಯ ಎಂದು ಕೇಳಿದರು.

“ಅವತ್ತು ನೀವು ಕೇಳಿದ್ರಲ್ಲ ಅಂಕಲ್. ನಿನ್ನ ಹಾಡು ಎಷ್ಟು ಜನ ಕೇಳ್ತಾರಪ್ಪ ಅಂತ. ನಲವತ್ತು ಸಾವಿರ ಅನ್ನೋಕೆ ನಂಗೆ ನಾಚಿಕೆ ಆಯ್ತು. ಲಕ್ಷಗಟ್ಲೆ ಆದ್ಮೇಲೇ ನಿಮ್ಮ ಮುಂದೆ ಬಂದು ಹುಡುಗೀನ ಕೇಳ್ಬೇಕು ಅಂತ...”

ಕರಿಯಣ್ಣ ಕಣ್ಣು ಕಿರಿದು ಮಾಡಿ ನೆನಪಿಸಿಕೊಳ್ಳಲು ನೋಡಿದರು. ಆಗಲಿಲ್ಲ.

“ಮಾತಿಗೆ ಕೇಳಿರ್ತೀನಿ ಮಾರಾಯ. ನಿಮ್ಮ ಕಡೆ ಮಳೆ ಹೆಂಗಿದೆ ಅಂತ ಕೇಳೋದಿಲ್ವ, ಹಂಗೆ. ನಲವತ್ತು ಸಾವಿರ ಅಂದ್ರೆ ಏನು ಕಮ್ಮಿಯಾ? ನಮ್ಮ ಹೊಳಲೂರಲ್ಲಿ ಮಕ್ಕಳು ಮರಿ ಎಲ್ಲ ಸೇರಿದ್ರೂ ಅಷ್ಟು ಜನ ಇಲ್ಲ. ಎರಡು ತಿಂಗಳಿಂದ ಈ ಹುಡುಗ ಯಾಕೆ ಬರ್ಲಿಲ್ಲ, ನಮ್ಮ ಮನೆ ಹಿಡಿಸ್ಲಿಲ್ವೇನೋ ಅಂತ ನಾನು ಯೋಚ್ನೆ ಮಾಡ್ತಿದ್ದೆ.”

ಅಜ್ಜಿ ನಕ್ಕರು. ಕರಿಯಣ್ಣ, ಒಳ್ಳೆ ದಿನ ನೋಡಿ ನಿಮ್ಮ ಅಪ್ಪ ಅಮ್ಮನ ಕರ್ಕೊಂಡು ಬಾ ಎಂದರು. ಲೋಹಿತ್‌ಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲ ಮುಗಿಯಿತು. ಎಲ್ಲ ಸರಿಯಾಯಿತು. ಗಗನಾ ಒಳಗೆ ಹೋಗಿ ಕಾಫಿ ತಂದು ಕೊಟ್ಟಿದ್ದರೆ ಕಥೆ ಅಲ್ಲಿಗೆ ಸುಖವಾಗಿ ನಿಲ್ಲುತ್ತಿತ್ತು. ಇಪ್ಪತ್ತೆರಡು ಕಂಪ್ಯೂಟರುಗಳ ವಿಷಯ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಆದರೆ ಅವಳಿಗೆ ಗೊತ್ತಿತ್ತಲ್ಲ! ಹೇಳಿದರೆ ಅವನು ಎದ್ದು ಹೋಗಬಹುದು. ಹೇಳದಿದ್ದರೆ ಇರುತ್ತಾನೆ, ಆದರೆ ಜನ್ಮವಿಡೀ ಅವನು ಹಾಡು ಮಾಡುವಾಗೆಲ್ಲ ಇವಳು ತಲೆ ತಗ್ಗಿಸಿಕೊಂಡೇ ಇರಬೇಕು.

“ನಾನೇ ಮಾಡಿದ್ದು” ಎಂದಳು. “ಶುಕ್ರವಾರ ಸೆಂಟರ್‌ನಲ್ಲಿ ಹಾಡನ್ನ ಸುತ್ತಿ ಸುತ್ತಿ ಹಾಕ್ದೆ. ಆ ಸಿರಿಯ ವ್ಯೂಸ್ ಕಮ್ಮಿ ಆಗ್ಲಿ ಅಂತಾನೇ ಹಾಕ್ದೆ.”

ಲೋಹಿತ್ ನಿಧಾನವಾಗಿ ತಿರುಗಿದ. ಮುಖದಲ್ಲಿದ್ದ ನಗು ಇನ್ನೂ ಇಳಿದಿರಲಿಲ್ಲ.

“ಎಷ್ಟು ಕಂಪ್ಯೂಟರಲ್ಲಿ?”

“ಇಪ್ಪತ್ತೆರಡೂ.”

“ಸೌಂಡ್?”

“ಇಟ್ಟಿರ್ಲಿಲ್ಲ.”

ಅವನು ಎದ್ದು ಹೊರಗೆ ಹೋದ. ಬೈಕಿನ ಸದ್ದು ಕೇಳುತ್ತದೆಂದು ಗಗನಾ ಉಸಿರು ಬಿಗಿಹಿಡಿದಳು. ಕೇಳಲಿಲ್ಲ. ಹುಚ್ಚಮ್ಮಜ್ಜಿ ಎಲೆಯನ್ನು ಬಾಯಿಗಿಟ್ಟುಕೊಂಡು, “ಅಷ್ಟೊಂದು ಹೊಟ್ಟೆಕಿಚ್ಚೇನೇ ನಿಂಗೆ? ಹೋಗು, ಅವನು ಗೇಟ್ ದಾಟೋ ಮುಂಚೆ ಹೋಗು” ಎಂದರು.

ಲೋಹಿತ್ ಜಗಲಿಯ ಕಂಬ ಹಿಡಿದು ನಿಂತಿದ್ದ. ಅವಳು ಹತ್ತಿರ ಬಂದರೂ ತಿರುಗಲಿಲ್ಲ. ನಲವತ್ತು ಸಾವಿರ ಹೋಗಿದ್ದು ನಿನ್ನಿಂದಲ್ಲ ಎಂದ. ಇಪ್ಪತ್ತೆರಡು ಕಂಪ್ಯೂಟರಿನಿಂದ ಹೆಚ್ಚೆಂದರೆ ಒಂದು ಸಾವಿರ, ಇನ್ಯಾರೋ ದೊಡ್ಡದಾಗಿ ಮಾಡಿದ್ದಾರೆ ಎಂದ. ಅವಳ ಎದೆ ಹಗುರಾಗುವಷ್ಟರಲ್ಲಿ ಉಳಿದದ್ದನ್ನೂ ಹೇಳಿದ.

“ಎಷ್ಟು ಹೋಯ್ತು ಅನ್ನೋದಲ್ಲ. ಹೋಗ್ಲಿ ಅಂತ ನೀನು ಕೂತ್ಯಲ್ಲ, ಅದು. ಅದೂ ಸೌಂಡ್ ಆರ್ಸಿ. ಆ ಹಾಡಲ್ಲಿ ನಾನಿದ್ದಿದ್ದೇ ಸೌಂಡಲ್ಲಿ. ನೀನು ಬರೀ ಅವಳ ಮುಖ ನೋಡ್ದೆ.”

ಗಗನಾಳ ಕಣ್ಣೀರು ತಾನಾಗಿಯೇ ಇಳಿಯಿತು. ತಪ್ಪಾಯಿತು ಎಂದಳು. ನಿನ್ನೆ ಬಸ್ಸಿನಲ್ಲಿ ನಡೆದದ್ದನ್ನು ಹೇಳಿದಳು, ತಾತ ಹೇಳಿದ್ದನ್ನು ಹೇಳಿದಳು.

“ನಿನ್ನೆ ಮೊದಲ್ನೇ ಸಲ ಕೇಳ್ದೆ. ಕೊಳಲು ಬರುತ್ತಲ್ಲ, ಅದು ನೀನೇ. ನಂಗೆ ಗೊತ್ತಾಯ್ತು. ಆದ್ರೆ ಒಂದು ಕೇಳ್ತೀನಿ, ನಿಜ ಹೇಳು. ಬಸ್ ಸ್ಟ್ಯಾಂಡಲ್ಲಿ ಕಾಯ್ತಿದ್ದೋನು ನೀನೇನಾ?”

ಲೋಹಿತ್ ಕಂಬ ಬಿಟ್ಟು ಅವಳ ಕಡೆ ತಿರುಗಿದ.

“ಹೌದು. ಅವಳು ಬರೋ ತನಕ ಬಸ್ಸು ಹತ್ತದೆ ಎರಡು ವರ್ಷ ಕಾದಿದ್ದೆ. ಅವಳಿಗೂ ಗೊತ್ತಿತ್ತು. ನೋಡಿ ನಕ್ಕು, ಹೋಗಿ ಕಿಟಕೀಲಿ ಕೂತ್ಕೋತಿದ್ಲು.”

“ಮತ್ತೆ ಈ ಹತ್ತು ಲಕ್ಷ? ಅವಳಿಗೆ ತೋರ್ಸೋಕಾ?”

“ನಿಮ್ಮಪ್ಪನಿಗೆ. ನಿಂಗೆ.” ಅವನು ತಡೆದ. “ಸ್ವಲ್ಪ... ಅವಳಿಗೂ. ನೀನು ಬಿಟ್ಟು ಹೋದ ಹುಡುಗ ಏನು ಮಾಡಿದಾನೆ ನೋಡು ಅಂತ. ಆ ಹಾಡು ಮಾಡಿ ಮುಗಿಸ್ದಾಗ ಅವಳ ಮೇಲಿದ್ದಿದ್ದೂ ಮುಗೀತು. ಈ ಸ್ವಲ್ಪ ಕೊಬ್ಬು ಮಾತ್ರ ಉಳಿದಿತ್ತು. ಅದೂ ಇವತ್ತು ಹನ್ನೊಂದು ಗಂಟೆಗೆ ಹೋಯ್ತು.”

ಸ್ವಲ್ಪ ಅವಳಿಗೂ. ಈ ಮಾತು ಗಗನಾಳಿಗೆ ಚುಚ್ಚಿತು. ಆದರೆ ಆಶ್ಚರ್ಯವೆಂದರೆ, ಏನೂ ಇಲ್ಲ ಎಂದು ಅವನು ಆಣೆ ಮಾಡಿದ್ದರೆ ಸಿಗದಿದ್ದ ನೆಮ್ಮದಿ ಇದರಲ್ಲಿ ಸಿಕ್ಕಿತು. ಮುಚ್ಚಿಡುವವನು ಸ್ವಲ್ಪವನ್ನೂ ಹೇಳುತ್ತಿರಲಿಲ್ಲ.

ಅವಳು ವೇಲಿನಲ್ಲಿ ಮುಖ ಒರೆಸಿಕೊಂಡಳು. ಒಳಗಿನಿಂದ ಅಮ್ಮ ಒಗ್ಗರಣೆ ಹಾಕಿದ ಘಮ ಬಂತು. ಊಟಕ್ಕೆ ನಿಲ್ಲುತ್ತೀಯಾ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅವನೇ ಹೊರಡಲು ಮೆಟ್ಟಿದ್ದ ಚಪ್ಪಲಿ ಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಅವಳಿಗೆ ಜಾಗ ಬಿಟ್ಟು ಕೂತ.

ಗಗನಾ ಕೂತಳು.

“ನಂಗೆ ಇನ್ನೂ ಹೊಟ್ಟೆಕಿಚ್ಚು ಹೋಗಿಲ್ಲ” ಎಂದಳು ಮೆಲ್ಲಗೆ.

“ಗೊತ್ತು.”

“ಮದ್ವೆ ಆದ್ಮೇಲೂ ಇರುತ್ತೆ.”

“ಇರ್ಲಿ. ಆದ್ರೆ ಇನ್ನೊಂದ್ಸಲ ಕಂಪ್ಯೂಟರ್ ಹತ್ರ ಹೇಳ್ಬೇಡ. ನನ್ನ ಹತ್ರ ಹೇಳು.”

ಅವಳು ಅವನ ಮುಖ ನೋಡಿದಳು. ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಮುಟ್ಟಲಿಲ್ಲ.

“ಈಗ್ಲೇ ಹೇಳ್ಲಾ?”

“ಹೇಳು.”

“ತುಂಬಾ ಇದೆ.”

“ಸಾಯಂಕಾಲದ ತನಕ ನಂಗೇನೂ ಕೆಲಸ ಇಲ್ಲ.”

ಗಗನಾ ಕಾಲು ಮಡಚಿ ಅವನ ಕಡೆ ಪೂರ್ತಿ ತಿರುಗಿ ಕೂತಳು. ಕಣ್ಣು ಇನ್ನೂ ಒದ್ದೆಯಾಗಿತ್ತು, ದನಿ ಮಾತ್ರ ಕ್ಲಾಸಿನಲ್ಲಿ ಪಾಠ ಶುರುಮಾಡುವಾಗಿನ ಹಾಗೆ ಗಟ್ಟಿಯಾಗಿತ್ತು.

“ಮೊದಲ್ನೇದು, ಅವಳ ಹತ್ರ ಫೋನಲ್ಲಿ ಮಾತಾಡುವಾಗ ಒಂದು ಮಾತಿಗೆ ನಾಲ್ಕು ಸಲ ಅವಳ ಹೆಸರು ಹೇಳ್ತೀಯ. ನನ್ನ ಹತ್ರ ಬರೀ ‘ಏನೇ’, ‘ಬಾರೇ’.”

“ಗಗನಾ” ಎಂದ ಲೋಹಿತ್.

“ಒಂದಾಯ್ತು” ಎಂದಳು ಅವಳು. “ಇನ್ನೂ ಮೂರು ಬಾಕಿ.”